ಕಳಚಿಟ್ಟ ಸೀಟು

ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ ಬಂದರೆ, ಮದರಾಸಿನ ಪೆರಂಬೂರಿನ ನಮ್ಮ ಮನೆ ಜಗಲಿಯಲ್ಲಿ ಅಜ್ಜಿಯೊಡನೆ ಅಕ್ಕಿ ಆರಿಸುತ್ತಿದ್ದ ಮಧ್ಯಾಹ್ನ ಈಗಲೂ ಕಣ್ಣಮುಂದೆ ಬರುತ್ತದೆ. ನಾವು ಕೂತಿದ್ದುದು ಚಿಕ್ಕಪ್ಪನ ಕಾರಿನ ಹಿಂದಿನ ಸೀಟಿನ ಮೇಲೆ. ರೇಸಿಗೆ ಕಾರು ಹಗುರಾಗಲೆಂದು ಅವರು ಅದನ್ನು ಕಳಚಿಟ್ಟು ಹೋಗಿದ್ದರು. ನಾನೂ ಬರುತ್ತೇನೆಂದು ಅತ್ತಾಗ, "ಎಲ್ಲಿ ಕೂತ್ಕೋತೀಯೇ ಕತ್ತೆ, ನನ್ನ ತಲೆ ಮೇಲಾ?" ಎಂದು ನಕ್ಕಿದ್ದರು.

ರೇಸು ನೋಡಲು ಹೋಗಿದ್ದ ಅಪ್ಪ ಸ್ಕೂಟರಿನಲ್ಲಿ ಒಬ್ಬರೇ ಬಂದರು. "ಅಮ್ಮಾ, ರೇಸಿಂದ ಬರೋ ದಾರೀಲಿ ತಮ್ಮನ ವಂಡಿ ಮಗುಚ್ತು. ಅವನು ಹೋಗ್ಬಿಟ್ಟ."

ಅಜ್ಜಿ ಅಳಲಿಲ್ಲ. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು, "ಇವಳು ಹಿಂದೆ ಕೂತಿರ್ಲಿಲ್ಲವಲ್ಲ, ರಾಯರು ಅಷ್ಟಾದರೂ ನಡೆಸಿಕೊಟ್ರು" ಎಂದಳು. ಆಮೇಲೆ ಅಕ್ಕಿಯನ್ನು ಪಕ್ಕಕ್ಕೆ ಸರಿಸಿ, "ಪಂಪಿನಲ್ಲಿ ನೀರು ಬರೋ ಹೊತ್ತಾಯ್ತು, ಹೋಗಮ್ಮ. ಇವತ್ತು ಎಲ್ಲರಿಗೂ ಸ್ನಾನಕ್ಕೆ ಬೇಕು" ಎಂದಳು.

ನಾನು ಎರಡು ಕೊಡ ಎತ್ತಿಕೊಂಡು ಸಾಲಿನಲ್ಲಿ ನಿಂತೆ.