ಸ್ಟಿಕರಿನ ಅಡಿಯ ಸಾಲು

ವನಜಾ ನಾಲ್ಕನೆಯ ಡಬ್ಬದ ಹಿಂಬದಿಯ ಸ್ಟಿಕರಿಗೆ ಉಗುರು ಹಾಕಿ ಮೂಲೆ ಎಬ್ಬಿಸುತ್ತಿದ್ದಾಗ ಭಾನುಪ್ರಕಾಶ್ ದಾಪುಗಾಲಿಡುತ್ತ ಬಂದ. ಬೇಗೂರು ರಸ್ತೆಯ ಆ ಸೂಪರ್ ಮಾರ್ಕೆಟ್ಟಿಗೆ ಅವನೇ ಮ್ಯಾನೇಜರು.

"ಏನ್ರೀ ಅದು? ಬೇಕಿದ್ರೆ ತಗೊಳ್ಳಿ. ಹಿಂಗೆ ಕಿತ್ತು ಹಾಳು ಮಾಡ್ತಿದೀರಲ್ಲ!"

"ಹಾಳು ಮಾಡ್ತಿಲ್ಲ ಸಾರ್. ಜಾಗ ಬದಲಾಯಿಸ್ತಿದೀನಿ."

ಅವಳು ಸ್ಟಿಕರನ್ನು ಹರಿಯದಂತೆ ಬಿಡಿಸಿ, ಅದೇ ಡಬ್ಬದ ಖಾಲಿ ಬದಿಗೆ ಅಂಟಿಸಿ ಅಂಗೈಯಿಂದ ಒತ್ತಿದಳು. ಹೊರದೇಶದಿಂದ ಬಂದ ಕಾರ್ನ್‌ಫ್ಲೇಕ್ಸ್ ಅದು. ಬೆಲೆ, ತರಿಸಿಕೊಂಡವರ ವಿಳಾಸ, ಬಾರ್ ಕೋಡ್, ಎಲ್ಲವೂ ಮೊದಲಿನಂತೆಯೇ ಇದ್ದವು. ಸ್ಟಿಕರ್ ಇದ್ದ ಜಾಗದಲ್ಲಿ ಮಾತ್ರ ಸಣ್ಣ ಅಕ್ಷರದ ಒಂದು ಸಾಲು ಹೊರಬಿದ್ದಿತ್ತು.

ಮಗುವನ್ನು ಟ್ರಾಲಿಯಲ್ಲಿ ಕೂರಿಸಿಕೊಂಡು ಪಕ್ಕದಲ್ಲೇ ನಿಂತಿದ್ದ ಹೆಂಗಸು ಕತ್ತು ಚಾಚಿದಳು. ಅವಳ ಟ್ರಾಲಿಯಲ್ಲೂ ಅಂಥದೇ ಒಂದು ಡಬ್ಬವಿತ್ತು. "ಏನಕ್ಕ ಬರ್ದಿದೆ ಅಲ್ಲಿ?"

ವನಜಾ ಡಬ್ಬವನ್ನು ಅವಳ ಕೈಗೇ ಕೊಟ್ಟಳು. ಕುಲಾಂತರಿ ಮೆಕ್ಕೆಜೋಳದಿಂದ ತಯಾರಿಸಿದ್ದು ಎಂದಿತ್ತು ಆ ಇಂಗ್ಲಿಷ್ ಸಾಲು. ಹೆಂಗಸು ಎರಡು ಸಲ ಓದಿದಳು.

"ಜಿ.ಎಂ. ಜೋಳಾನಾ ಇದು? ಸ್ಟಿಕರ್ ಅಡೀಲಿ ಹಿಂಗ್ ಬರ್ದಿದೆ ಅಂತ ನಿಮಗೆ ಹೇಗ್ ಗೊತ್ತಾಯ್ತು?"

"ಅಂಟಿಸಿದ್ದೇ ನಾನು ಮೇಡಂ, ಬೊಮ್ಮನಹಳ್ಳಿ ಗೋಡೌನಲ್ಲಿ. ಅಡೀಲಿ ಏನಿದೆ ಅಂತ ಓದೋ ತನಕ ಅಂಟಿಸ್ದೆ. ಓದಿದ್ಮೇಲೆ ನಿಲ್ಲಿಸ್ದೆ."

ನಿಲ್ಲಿಸಿದ್ದಕ್ಕೆ ಕೆಲಸ ಹೋಗಿತ್ತು. ಸ್ಟಿಕರ್ ಆ ಸಾಲಿನ ಮೇಲೇ ಕೂರಬೇಕು ಎಂದು ಸೂಪರ್‌ವೈಸರ್ ಹೆಬ್ಬೆರಳಿಟ್ಟು ತೋರಿಸಿದ್ದ. ಇಷ್ಟು ದೊಡ್ಡ ಡಬ್ಬದಲ್ಲಿ ಅಲ್ಲೇ ಯಾಕೆ ಎಂದು ವನಜಾ ಕೇಳಿದ್ದಳು. ಕೇಳುವವರು ನಾಳೆಯಿಂದ ಬರುವುದು ಬೇಡ ಎಂಬ ಉತ್ತರ ಬಂದಿತ್ತು. ಅವಳು ಬಸ್ಸಿಗೂ ಕಾಯದೆ ಬೇಗೂರಿನ ಮನೆಗೆ ನಡೆದೇ ಬಂದಿದ್ದಳು. ಅಷ್ಟು ದೂರ ನಡೆದರೂ ಸಿಟ್ಟು ಇಳಿದಿರಲಿಲ್ಲ. ಇವತ್ತು ಬೇಳೆ ಕೊಳ್ಳಲು ಬಂದವಳಿಗೆ ಅದೇ ಡಬ್ಬಗಳು ಕಣ್ಣೆದುರು ಸಾಲಾಗಿ ನಿಂತಿದ್ದು ಕಂಡಿತ್ತು.

ಭಾನುಪ್ರಕಾಶ್ ನಗಲು ನೋಡಿದ. "ಮೇಡಂ, ಇವರ ಮಾತು ಕೇಳ್ಬೇಡಿ. ಫಾರಿನ್ನಲ್ಲಿ ಎಲ್ಲಾರೂ ಇದನ್ನೇ ತಿಂತಾರೆ."

"ತಿನ್ಲಿ ಸಾರ್," ಎಂದಳು ವನಜಾ. "ಅವರು ಓದಿ ತಿಂತಾರೆ. ನಮಗ್ಯಾಕೆ ಮುಚ್ಚಿ ಕೊಡ್ತೀರಾ?"

"ಇಲ್ಲಿ ಯಾರ್ರೀ ಕೇಳ್ತಾರೆ ಇದನ್ನೆಲ್ಲ?"

"ಕಂಡ್ರೆ ತಾನೇ ಕೇಳೋದು?"

ಹೆಂಗಸಿನ ಮುಖ ಬಿಳಿಚಿಕೊಂಡಿತ್ತು. "ಅಕ್ಕ, ನನ್ ಮಗಳು ದಿನಾ ಬೆಳಿಗ್ಗೆ ಇದನ್ನೇ ತಿನ್ನೋದು. ಇದು ಕೆಟ್ಟದ್ದಾ?"

ಹೌದು ಎಂದುಬಿಟ್ಟಿದ್ದರೆ ಜಗಳ ಅಲ್ಲೇ ಗೆದ್ದಂತಾಗುತ್ತಿತ್ತು. ವನಜಾ ಟ್ರಾಲಿಯಲ್ಲಿದ್ದ ಮಗುವನ್ನು ನೋಡಿದಳು. "ನಂಗೊತ್ತಿಲ್ಲ ಮೇಡಂ. ಸುಮ್ನೆ ಯಾಕೆ ಹೆದರಿಸ್ಲಿ? ಮಾಡಿದೋರು ಬರ್ದಿದಾರೆ, ಮಾರೋರು ಮುಚ್ಚಿದಾರೆ. ನಂಗೆ ಗೊತ್ತಿರೋದು ಅಷ್ಟೇ."

ಅಷ್ಟರಲ್ಲಿ ನಾಲ್ಕಾರು ಜನ ಸೇರಿದ್ದರು. ಭಾನುಪ್ರಕಾಶ್ ಸೆಕ್ಯುರಿಟಿಯವನನ್ನು ಕೂಗಿದ. "ಇವರನ್ನ ಆಚೆ ಕಳ್ಸು. ಈ ಡಬ್ಬ ಎಲ್ಲಾ ಎತ್ತಿ ಒಳಗಿಡು." ಆಮೇಲೆ ವನಜಾಳತ್ತ ತಿರುಗಿದ. "ಹೋಗ್ರೀ, ಇಲ್ಲಾಂದ್ರೆ ಪೊಲೀಸ್ ಕರೀತೀನಿ ನೋಡ್ರೀ!"

"ಕರೀರಿ ಸಾರ್. ಅವರಿಗೂ ಓದೋಕೆ ಬರುತ್ತೆ."

ಯಾರೋ ನಕ್ಕರು. ಸೆಕ್ಯುರಿಟಿಯವನು ಡಬ್ಬಗಳಿಗೆ ಕೈ ಚಾಚಿದಾಗ ಮಗುವಿನ ತಾಯಿ ಟ್ರಾಲಿಯನ್ನು ರ‍್ಯಾಕಿಗೆ ಅಡ್ಡ ನಿಲ್ಲಿಸಿದಳು. "ಒಳಗಿಟ್ಟು ನಾಳೆ ಮತ್ತೆ ಅಂಟಿಸೋಕಾ? ಇಲ್ಲೇ ಇರ್ಲಿ."

ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ತೂಗಿಸಿಕೊಂಡಿದ್ದ ಯುವಕನೊಬ್ಬ ಮುಂದೆ ಬಂದು, ಸಾಲು ಕಾಣುತ್ತಿದ್ದ ಡಬ್ಬವೊಂದನ್ನು ಎತ್ತಿ ಓದಿದ. ಭುಜ ಕುಣಿಸಿ ಬುಟ್ಟಿಗೆ ಹಾಕಿಕೊಂಡ. "ನಂಗೇನ್ ತೊಂದ್ರೆ ಇಲ್ಲಪ್ಪ," ಎಂದು ಬಿಲ್ಲಿಂಗಿನ ಕಡೆ ನಡೆದ.

ಭಾನುಪ್ರಕಾಶನಿಗೆ ಉಸಿರು ಬಂದಂತಾಯಿತು. "ನೋಡಿದ್ರಾ? ಅವರು ತಗೊಂಡ್ರು! ಈಗೇನಂತೀರಾ?"

"ಓದಿ ತಗೊಂಡ್ರು ಸಾರ್," ಎಂದಳು ವನಜಾ. "ನಾನ್ ಕೇಳ್ತಿರೋದೂ ಅದನ್ನೇ."

ಸೆಕ್ಯುರಿಟಿಯವನು ಅವಳ ಮೈ ಮುಟ್ಟಲಿಲ್ಲ. "ಬನ್ನಿ ಅಕ್ಕ," ಎಂದು ದಾರಿ ತೋರಿಸಿದ. ಅವಳು ತಲೆ ತಗ್ಗಿಸದೆ ನಡೆದಳು. ಬೇಳೆ ಕೊಂಡಿರಲಿಲ್ಲ. ಮುಂದಿನ ಕೆಲಸ ಎಲ್ಲಿ ಹುಡುಕುವುದೆಂದು ತಿಳಿದಿರಲಿಲ್ಲ. ಈ ಸುದ್ದಿ ಬೊಮ್ಮನಹಳ್ಳಿಗೆ ಮುಟ್ಟಿದರೆ ಅಲ್ಲಿನ ಬೇರೆ ಗೋಡೌನುಗಳೂ ಅವಳನ್ನು ಸೇರಿಸಿಕೊಳ್ಳುವುದು ಅನುಮಾನವಾಗಿತ್ತು. ಆದರೂ ಎದೆ ಹಗುರವಾಗಿತ್ತು.

ಗಾಜಿನ ಬಾಗಿಲ ಬಳಿ ನಿಂತು ತಿರುಗಿ ನೋಡಿದಳು. ಭಾನುಪ್ರಕಾಶ್ ಕೈ ಬೀಸುತ್ತ ಫೋನಿನಲ್ಲಿ ಯಾರಿಗೋ ವಿವರಿಸುತ್ತಿದ್ದ. ಅವನ ಬೆನ್ನ ಹಿಂದೆ ಮಗುವಿನ ತಾಯಿ ಮುಂದಿನ ಡಬ್ಬವನ್ನು ಕೈಗೆತ್ತಿಕೊಂಡು ಸ್ಟಿಕರ್ ಎಳೆದಳು. ಅಭ್ಯಾಸವಿಲ್ಲದ ಕೈ, ಸ್ಟಿಕರ್ ಅರ್ಧಕ್ಕೇ ಹರಿಯಿತು. ಅವಳು ಉಳಿದರ್ಧಕ್ಕೆ ಉಗುರು ಹಾಕಿದಳು.