ಮುನ್ನೂರು ಗ್ರಾಂ

ಪಟ್ಟಿಯ ಆರನೆಯ ಹೆಸರಿನ ಮೇಲೆ ಬಂದು ಪೆನ್ನು ನಿಂತಿತು. ಅದು ಅವಳದೇ ಹೆಸರು. ಕಡಲಿನ ಮೇಲೆ ಎದುರುಗಾಳಿ ಜೋರಾಗಿತ್ತು. ನೆಲವೇ ಕಾಣದ ದಾರಿಗೆ ವಿಮಾನಕ್ಕೆ ಇಂಧನ ಹೆಚ್ಚು ಬೇಕು, ಅದಕ್ಕಾಗಿ ಬೇರೆ ಭಾರ ಇಳಿಸಬೇಕು. ಮೊದಲು ಇಳಿಯಬೇಕಾದವರು ಸೀಟು ಮಿಕ್ಕರೆ ಹತ್ತಲು ಕಾದಿರುವ ಸಿಬ್ಬಂದಿ. ಆ ಲೆಕ್ಕ ಹಾಕುವುದೇ ಅವಳ ಕೆಲಸ.

“ನಿಮ್ಮೊಬ್ಬರಿಂದ ವಿಮಾನ ಬಿದ್ದುಹೋಗುತ್ತಾ? ಸುಮ್ನೆ ಬನ್ನಿ ಮೇಡಂ,” ಎಂದರು ಎದುರಿಗೆ ನಿಂತಿದ್ದ ಕ್ಯಾಪ್ಟನ್.

“ಐದು ಜನರನ್ನ ಇಳಿಸಿದೀನಲ್ಲ ಸಾರ್. ಅವರೂ ಒಬ್ಬೊಬ್ಬರೇ ತಾನೇ?” ಎನ್ನುತ್ತಾ ಹೆಸರಿನ ಮೇಲೆ ಗೆರೆ ಎಳೆದಳು. ಹೀಗಾಗುತ್ತಿರುವುದು ಇದು ಮೂರನೆಯ ಸಲ. ಆಚೆ ದಡದಲ್ಲಿರುವ ತಂಗಿಯ ಮಗಳನ್ನು ಅವಳು ಫೋನಿನಲ್ಲಿ ಬಿಟ್ಟರೆ ಎದುರಿಗೆ ಕಂಡಿಲ್ಲ. ಎಳೆಗೂಸಿನ ಅಳತೆಗೆಂದು ಹೆಣೆದ ಸ್ವೆಟರನ್ನು ಎರಡು ಸಲ ಬಿಚ್ಚಿ, ಉಲ್ಲನ್ ಸೇರಿಸಿ, ದೊಡ್ಡದು ಮಾಡಿದ್ದಳು. “ಪೋಸ್ಟಲ್ಲಾದ್ರೂ ಕಳಿಸೇ ಅಕ್ಕಾ,” ಎಂದು ತಂಗಿ ಗೋಗರೆದರೂ, “ನನ್ನ ಕೈಯಾರೆ ತೊಡಿಸ್ತೀನಿ,” ಎಂದು ಹಟ ಹಿಡಿದಿದ್ದಳು. ಈ ಸಲದ್ದು ನಡೆದಾಡುವ ಮಗುವಿನ ಅಳತೆ.

ಕ್ಯಾಪ್ಟನ್ ಬಾಗಿಲು ದಾಟುವಷ್ಟರಲ್ಲಿ, “ಸಾರ್, ಒಂದ್ನಿಮಿಷ,” ಎಂದಳು. ಬ್ಯಾಗಿನಿಂದ ಹಳದಿ ಸ್ವೆಟರ್ ತೆಗೆದು, ಪುಟ್ಟ ತೋಳುಗಳನ್ನು ಒಳಕ್ಕೆ ಮಡಿಚಿ, ಅವರ ಕೈಗಿತ್ತಳು. “ಅಲ್ಲಿ ನನ್ನ ತಂಗಿ ಬಂದಿರ್ತಾಳೆ. ಕೊಟ್ಬಿಡಿ. ನನಗೋಸ್ಕರ ಕಾಯ್ಬೇಡ, ಇವತ್ತೇ ತೊಡಿಸು ಅಂತ ಹೇಳಿ.”

ಅವರು ಹೋದ ಮೇಲೆ ಮತ್ತೆ ಮೇಜಿಗೆ ಬಂದು ಕುಳಿತಳು. ತನ್ನ ಐವತ್ತೆಂಟು ಕಿಲೋ ಕಳೆದಿದ್ದ ಸಾಲಿನ ಕೆಳಗೆ, ಯಾರೂ ಕೇಳದಿದ್ದರೂ, ಮುನ್ನೂರು ಗ್ರಾಂ ಕೂಡಿಸಿದಳು.