ಬಂಡೆಯ ಗುರುತು

"ಅಕ್ಕೋರೆ, ಬ್ಲಾಗಿಗೆ ಹಾಕಿದ್ದನ್ನ ವಾಪಸ್ ತೆಗೂಕೆ ಆಗ್ತದ್ಯಾ?"

ಮಧ್ಯಾಹ್ನದ ಊಟದ ಹೊತ್ತು. ದೇವರಾಜ ಶಾಲೆಯ ಜಗಲಿ ಹತ್ತದೆ ಕೆಳಗೇ ನಿಂತಿದ್ದ. ತದಡಿ ಬಂದರಿನಿಂದ ನೇರ ಬಂದವನು, ಮಡಚಿದ ಪ್ಯಾಂಟು ಇನ್ನೂ ಒದ್ದೆಯಿತ್ತು. ಕೇರಿಗೆಲ್ಲ ಅಕ್ಕೋರು ಆಗಿರುವ ವಿನುತಾ ಟೀಚರ್ ಅವನನ್ನು ಕಂಡದ್ದೇ ನಗುತ್ತ ಎದ್ದು ಬಂದಿದ್ದಳು. ಅವನ ಮಗಳು ಸುಚಿತಾ ಬರೆದದ್ದನ್ನು ಓದಿ ನಾಲ್ಕು ಒಳ್ಳೆಯ ಮಾತು ಹೇಳಿಹೋಗಲು ಬಂದಿರಬೇಕು ಎಂದುಕೊಂಡಿದ್ದಳು, ಪಾಪ.

ಶಾಲೆಗೊಂದು ಬ್ಲಾಗ್ ಮಾಡಿದ್ದು ಅವಳೇ. ನೋಟ್‌ಬುಕ್ಕಿನಲ್ಲಿ ಬರೆದರೆ ಓದುವವಳು ಟೀಚರೊಬ್ಬಳೇ, ಬ್ಲಾಗಿಗೆ ಬರೆದರೆ ಊರೆಲ್ಲ ಓದುತ್ತದೆ ಎಂದದ್ದೇ ತಡ, ಐದನೇ ಕ್ಲಾಸಿನ ಮಕ್ಕಳ ಸೊಟ್ಟ ಅಕ್ಷರವೂ ನೆಟ್ಟಗಾಗಿತ್ತು. 'ನನ್ನ ಅಪ್ಪನ ಕೆಲಸ' ಎಂಬ ವಿಷಯ ಕೊಟ್ಟಾಗ ಸುಚಿತಾ ಎರಡೇ ಸಾಲು ಬರೆದು ತಂದಳು. ಅಪ್ಪ ದೋಣಿಯಲ್ಲಿ ಹೋಗುತ್ತಾರೆ. ಮೀನು ತರುತ್ತಾರೆ. ವಿನುತಾ ಅಷ್ಟಕ್ಕೆ ಬಿಡುವವಳಲ್ಲ. ಎಲ್ಲಿಗೆ ಹೋಗುತ್ತಾರೆ? ಅಷ್ಟು ದೊಡ್ಡ ನೀರಿನಲ್ಲಿ ಜಾಗ ಹೇಗೆ ಗೊತ್ತಾಗುತ್ತದೆ? ಓದುವವರ ಕಣ್ಣಿಗೆ ಕಟ್ಟಬೇಕು ಎಂದು ಬೆನ್ನು ಹತ್ತಿ ಬರೆಸಿದ್ದಳು. ಗೇರುಸೊಪ್ಪೆಯಲ್ಲಿ ಹುಟ್ಟಿ ಬೆಳೆದ ಅವಳಿಗೆ ಹೊಳೆ ಗೊತ್ತು, ಸಮುದ್ರ ಗೊತ್ತಿಲ್ಲ.

ಹುಡುಗಿ ಪೆನ್ಸಿಲ್ ಕಚ್ಚುತ್ತ, ತಡೆದು ತಡೆದು, ಕೊನೆಗೆ ಎಲ್ಲ ಬರೆದಳು. ದೋಣಿಯಿಂದ ನೋಡಿದರೆ ಗುಡ್ಡದ ಮೇಲಿನ ಒಂಟಿ ತಾಳೆಮರ ಐಸ್ ಫ್ಯಾಕ್ಟರಿಯ ನೀರಿನ ಟಾಂಕಿಯ ನೆತ್ತಿಗೆ ಸರಿಯಾಗಿ ಬರಬೇಕು. ಬಲಗಡೆ ಎರಡು ಗುಡ್ಡಗಳ ನಡುವಿನ ಸಂದಿ ಕಾಣಬೇಕು. ಅಲ್ಲಿ ಲಂಗರು ಬಿಟ್ಟರೆ ಕೆಳಗೆ ಬಂಡೆ, ಬಂಡೆಯ ಸುತ್ತ ಕೆಂಬೇರಿ ಮೀನು. ಶಾಲೆಯ ಬ್ಲಾಗಿಗೆ ಅಷ್ಟು ಜನ ಓದುಗರು ಎಂದೂ ಬಂದಿರಲಿಲ್ಲ. 'ತುಂಬಾ ಉಪಯುಕ್ತ ಬರಹ' ಎಂದು ಹೆಸರು ಹೇಳದ ಯಾರೋ ಮೆಚ್ಚಿ ಬರೆದದ್ದನ್ನು ವಿನುತಾ ತರಗತಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರಿಂದ ಚಪ್ಪಾಳೆ ಹೊಡೆಸಿದ್ದಳು. ಉಪಯೋಗ ಯಾರಿಗೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆಗ ಓಡಲಿಲ್ಲ.

"ತೆಗೀಬಹುದು ದೇವರಾಜಣ್ಣ. ಎಂತಕ್ಕೆ? ಎಂತಾದ್ರೂ ತಪ್ಪಾಗದ್ಯಾ?"

"ಒಂದೂ ತಪ್ಪಿಲ್ಲ. ಅದೇ ತ್ರಾಸಾದದ್ದು." ದೇವರಾಜ ತಲೆಯ ಮೇಲಿನ ಟವೆಲು ತೆಗೆದು ಕೈಗೆ ಸುತ್ತಿಕೊಂಡ. "ಆ ಬಂಡೆ ನನ್ನ ಅಜ್ಜ ಹುಡ್ಕಿದ್ದು ಅಕ್ಕೋರೆ. ಬಲೆಗೆ ಎಂತದೂ ಬೀಳದ ದಿನ ಅಲ್ಲಿ ಹೋಗಿ ಗಾಳ ಬಿಟ್ರೆ ಸಂಜಿಗೆ ಒಲೆ ಉರೀತಿತ್ತು. ಈಗ ಹೋದ್ರೆ ನನ್ನ ದೋಣಿ ನಿಲ್ಸೂಕೇ ಜಾಗ ಇಲ್ಲ. ಹೊನ್ನಾವರದವ್ರೂ ಬರ್ತಾರೆ. ನಿನ್ನೆ ಒಬ್ಬ ಮೊಬೈಲ್ ಹಿಡ್ಕಂಡು, ಓದ್ತಾ ಓದ್ತಾ ತಾಳೆಮರ ಹುಡುಕ್ತಿದ್ದ."

"ಬರೀಬಾರ್ದು ಅಂತ ಸುಚಿತಾ ನಂಗೆ ಒಂದು ಮಾತು ಹೇಳ್ಬಹುದಿತ್ತು" ಎಂದಳು ವಿನುತಾ. ಹೇಳಿದ ಮೇಲೆ, ತಪ್ಪನ್ನು ಮಗುವಿನ ತಲೆಗೆ ಕಟ್ಟಿದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

"ಮಗಳಿಗೆ ನಾನು ದೋಣೀಲಿ ಕೂತೇ ಹೇಳಿಕೊಟ್ಟದ್ದು. ನಮ್ಮಲ್ಲಿ ಗುರುತನ್ನ ದಡದ ಮೇಲೆ ಬಾಯಿ ಬಿಟ್ಟು ಹೇಳೂಕಿಲ್ಲ. ನನ್ನ ಹೆಂಡ್ತಿಗೂ ಗೊತ್ತಿಲ್ಲ. ಎಂತಕ್ಕೆ ಹೇಳ್ದೆ ಅಂತ ನಿನ್ನೆ ಮಗಳ ಹತ್ರ ಕೇಳ್ದೆ. 'ನಾ ಹೇಳ್ಲಿಲ್ಲ ಅಪ್ಪಾ, ಬರ್ದೆ' ಅಂತು."

"ಬೈದ್ರಾ?"

"ಎಂತ ಬೈಯುದು. ಅಷ್ಟು ಚಂದ ಬರ್ದದೆ. ನಾನೇ ಮತ್ತೆ ಮತ್ತೆ ಓದ್ದೆ."

ಅವನು ಎರಡು ಮಾತು ಜೋರಾಗಿ ಆಡಿದ್ದರೆ ವಿನುತಾಳಿಗೆ ಎಷ್ಟೋ ಹಗುರಾಗುತ್ತಿತ್ತು. ತಾನು ಹೊಡೆಸಿದ ಚಪ್ಪಾಳೆ ನೆನಪಾಗಿ ಅವಳು ತಲೆ ಎತ್ತಲಿಲ್ಲ. ಅಲ್ಲೇ ನಿಂತು ಬರಹವನ್ನು ಅಳಿಸಿದಳು, ಮೊಬೈಲನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ದೇವರಾಜ ಬಗ್ಗಿ ನೋಡಿ, "ಆತು, ನಾ ಬತ್ತೆ" ಎಂದು ಟವೆಲು ಕೊಡವಿ ಹೊರಟ. ಓದುವವರೆಲ್ಲ ಓದಿಯಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ವಾರ ಬ್ಲಾಗಿಗೆ ಏನು ಬರೆಸುವುದೆಂದು ವಿನುತಾ ಬಹಳ ಯೋಚಿಸಿದಳು. ಯಾರ ಹೊಟ್ಟೆಯ ಮೇಲೂ ಹೊಡೆಯದ ವಿಷಯ ಬೇಕಿತ್ತು. 'ನಮ್ಮ ಮನೆಯ ಪ್ರಾಣಿ' ಎಂದು ಕೊಟ್ಟಳು. ಬೇರೆಯವರೆಲ್ಲ ನಾಯಿಯ ಬಾಲ, ಹಸುವಿನ ಕೋಡು ಎಂದು ಪುಟ ತುಂಬಿಸುತ್ತಿರುವಾಗಲೇ ಸುಚಿತಾ ಎದ್ದು ಬಂದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. ಈ ಸಲ ಅವಳು ಪೆನ್ಸಿಲ್ ಕಚ್ಚಿರಲಿಲ್ಲ. ಕೈಕಟ್ಟಿ, ಟೀಚರ್ ಈಗ ಏನು ಕೇಳುತ್ತಾಳೆ ಎಂದು ನೋಡುತ್ತ ನಿಂತಳು. ವಿನುತಾ ಓದಿದಳು.

'ನಮ್ಮ ಮನೆಯಲ್ಲಿ ಒಂದು ಬೆಕ್ಕು ಇದೆ. ಅದು ಮರಿ ಹಾಕಿದೆ. ಎಲ್ಲಿ ಎಂದು ಬರೆಯುವುದಿಲ್ಲ.'